ಇಟಲಿಯ ಬಿ ಅಂಡ್ ಬಿ: ಕೋಣೆ ನೋಡುವ ಮೊದಲು ಮೆಟ್ಟಿಲು ಎಷ್ಟೆಂದು ಕೇಳಿ

ಪ್ರಶ್ನೆ: ನಾನು ಧಾರವಾಡದ ನಿವೃತ್ತ ಶಿಕ್ಷಕಿ, ವಯಸ್ಸು 61. ನಮ್ಮ ಯಜಮಾನರಿಗೆ 66, ಮೊಣಕಾಲು ನೋವಿದೆ. ಬರುವ ಅಕ್ಟೋಬರ್ ಎರಡನೇ ವಾರ ಹತ್ತು ರಾತ್ರಿಗೆ ಇಟಲಿಗೆ ಹೋಗಬೇಕೆಂದಿದ್ದೇವೆ. ಗುಂಪಿನ ಟೂರ್ ಬೇಡ, ಹೋಟೆಲ್ ದರ ಕೈಗೆಟುಕುತ್ತಿಲ್ಲ. ಬಿ ಅಂಡ್ ಬಿ, ಅಂದರೆ ಕೋಣೆಯ ಜೊತೆ ಬೆಳಗಿನ ತಿಂಡಿ ಕೊಡುವ ಮನೆ, ನೋಡಿ ಎಂದು ಮಗ ಹೇಳುತ್ತಾನೆ. ಅವನು ಹಾಕಿಕೊಟ್ಟ ಪಟ್ಟಿ: ಮಿಲಾನ್ 1 ರಾತ್ರಿ, ವೆನಿಸ್ 2, ಫ್ಲಾರೆನ್ಸ್ 2, ಪೀಸಾ 1, ರೋಮ್ 2, ನೇಪಲ್ಸ್ 2. ನಾವು ಸಸ್ಯಾಹಾರಿಗಳು, ನಾನು ಮೊಟ್ಟೆಯನ್ನೂ ತಿನ್ನುವುದಿಲ್ಲ. ಗೊತ್ತಿಲ್ಲದವರ ಮನೆಯಲ್ಲಿ ಇರುವುದು ಸುರಕ್ಷಿತವೇ? ಒಳ್ಳೆಯ ಮನೆ ಆರಿಸುವುದು ಹೇಗೆ? ಭಾಷೆ ಬರುವುದಿಲ್ಲ, ಊಟಕ್ಕೆ ಏನು ಮಾಡುವುದು? ಮನೆಯವರಿಗೆ ಕೊಡಲು ಧಾರವಾಡ ಪೇಡೆ ಒಯ್ಯಬಹುದೇ?

ಉತ್ತರ: ನಮಸ್ಕಾರ ಮೇಡಂ. ಊಟ, ಭಾಷೆ, ಪೇಡೆ ಎಲ್ಲದಕ್ಕೂ ಬರುತ್ತೇನೆ. ಮೊದಲು ಆ ಪಟ್ಟಿಯನ್ನು ಬದಿಗಿಡಿ. ಹತ್ತು ರಾತ್ರಿಗೆ ಆರು ಊರು ಅಂದರೆ ಆರು ಸಲ ಸೂಟ್‌ಕೇಸ್ ತುಂಬುವುದು, ಆರು ಸಲ ಗೊತ್ತಿಲ್ಲದ ಬೀದಿಯಲ್ಲಿ ಮನೆ ಹುಡುಕುವುದು, ಆರು ಸಲ ಹೊಸ ಮೆಟ್ಟಿಲು, ಹೊಸ ಬೀಗ. ಹೋಟೆಲಿನಲ್ಲಾದರೆ ಯಾವ ಹೊತ್ತಿಗೆ ಹೋದರೂ ಕೌಂಟರಿನಲ್ಲಿ ಒಬ್ಬರು ಕೂತಿರುತ್ತಾರೆ, ಸಾಮಾನು ಎತ್ತಿಡಲು ಇನ್ನೊಬ್ಬರು ಬರುತ್ತಾರೆ. ಬಿ ಅಂಡ್ ಬಿಯಲ್ಲಿ ಇವರ್ಯಾರೂ ಇರುವುದಿಲ್ಲ, ಅದು ಒಬ್ಬರ ಮನೆ. ಒಂದೇ ರಾತ್ರಿ ಇದ್ದು ಹೊರಡುವವರಿಗೆ ಆ ಮನೆಯ ತಾಪತ್ರಯವೆಲ್ಲ ಸಿಗುತ್ತದೆ, ಸುಖ ಸಿಗುವುದಿಲ್ಲ. ನಾಲ್ಕು ದಿನ ಇದ್ದು ನೋಡಿ. ತಿಂಡಿಯ ಮೇಜಿನ ಮೇಲೆ ನೀವು ಯಾವುದನ್ನು ಮುಟ್ಟಲಿಲ್ಲ ಎಂಬುದನ್ನು ಎರಡನೆಯ ದಿನವೇ ಮನೆಯಾಕೆ ಗಮನಿಸಿರುತ್ತಾರೆ. ಮೂರನೆಯ ದಿನ ಅದರ ಜಾಗದಲ್ಲಿ ಹೆಚ್ಚಿದ ಹಣ್ಣು ಬಂದಿರುತ್ತದೆ. ಯಾವ ಬಸ್ಸು, ಯಾವ ಅಂಗಡಿ, ಯಾವ ದಿನ ಸಂತೆ ಎಂದು ಅವರೇ ಕಾಗದದಲ್ಲಿ ಬರೆದುಕೊಡುತ್ತಾರೆ. ಬಿ ಅಂಡ್ ಬಿಗೆ ಹೋಗುವುದು ಇದಕ್ಕಾಗಿ.

ಹಾಗಾಗಿ ಎರಡೇ ಮನೆ ಸಾಕು. ಉತ್ತರ ಇಟಲಿಯ ಬೊಲೊನ್ಯಾದಲ್ಲಿ ಆರು ರಾತ್ರಿ, ರೋಮ್‌ನಲ್ಲಿ ನಾಲ್ಕು. ನಾನು ಹನ್ನೊಂದು ವರ್ಷ ಬೊಲೊನ್ಯಾದಲ್ಲಿ ಇದ್ದವನು, ಈಗಲೂ ನಮ್ಮ ಕಡೆಯಿಂದ ಹೋಗುವವರಿಗೆ ಮನೆ ನೋಡಿಕೊಡುತ್ತೇನೆ. ಆ ಊರಿನ ಮೇಲಿನ ಪ್ರೀತಿ ಇದರಲ್ಲಿ ಇಲ್ಲವೆಂದು ಹೇಳುವುದಿಲ್ಲ. ಆದರೆ ಮೊಣಕಾಲು ನೋವಿದ್ದವರಿಗೆ ಅದಕ್ಕಿಂತ ಹಿತವಾದ ದೊಡ್ಡ ಊರು ಇಟಲಿಯಲ್ಲಿ ನನಗೆ ಗೊತ್ತಿಲ್ಲ. ಊರ ನಡುವಿನ ಭಾಗ ಹೆಚ್ಚುಕಡಿಮೆ ಸಮತಟ್ಟು. ಬೀದಿ ಬೀದಿಗೂ ನಮ್ಮ ಹಳೆಯ ಮನೆಗಳ ಮೊಗಸಾಲೆಯಂತೆ ಕಂಬಗಳ ಸಾಲು, ಮೇಲೆ ಮಾಡು. ಹಳೇ ಊರಿನೊಳಗೇ ಇಂಥ ಪೋರ್ತಿಕೊ ಸುಮಾರು 38 ಕಿಲೋಮೀಟರ್ ಇವೆ, 2021ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದವು. ಅಕ್ಟೋಬರ್‌ನಲ್ಲಿ ಮಳೆ ಹಿಡಿದರೂ ಕೊಡೆ ಬಿಚ್ಚದೆ ಊರೆಲ್ಲ ಸುತ್ತಬಹುದು.

ಇನ್ನೊಂದು ಕಾರಣ ರೈಲು. ಬೊಲೊನ್ಯಾದಿಂದ ವೇಗದ ರೈಲಿನಲ್ಲಿ ಫ್ಲಾರೆನ್ಸ್‌ಗೆ 40 ನಿಮಿಷ, ವೆನಿಸ್‌ಗೆ ಒಂದೂವರೆ ಗಂಟೆ, ಫೆರಾರಾಕ್ಕೆ ಅರ್ಧ ಗಂಟೆ. ಮೊಸಾಯಿಕ್ ಚಿತ್ರಗಳ ರಾವೆನ್ನಾ ಸಾದಾ ರೈಲಿನಲ್ಲೂ ಒಂದೂಕಾಲು ಗಂಟೆ. ಬೆಳಿಗ್ಗೆ ತಿಂಡಿ ತಿಂದು ಹೊರಟು ರಾತ್ರಿ ಅದೇ ಹಾಸಿಗೆಗೆ ಮರಳಬಹುದು. ವೆನಿಸ್ ಅಂತೂ ನಿಮಗೆ ಹೀಗೇ ನೋಡಬೇಕಾದ ಊರು. ಅಲ್ಲಿನ ಹೆಚ್ಚುಕಡಿಮೆ ಪ್ರತಿ ಸೇತುವೆಗೂ ಮೆಟ್ಟಿಲಿದೆ. ಕೈಚೀಲವಷ್ಟೇ ಇದ್ದರೆ ಅದು ಸೊಗಸು, 20 ಕಿಲೋ ಪೆಟ್ಟಿಗೆ ಇದ್ದರೆ ಶಿಕ್ಷೆ. ಹಗಲು ಬಂದು ಹೋಗುವವರಿಗೆ ವೆನಿಸ್ 2024ರಿಂದ ಪ್ರವೇಶ ಶುಲ್ಕ ಹಾಕುತ್ತಿದೆ. ಇದುವರೆಗೆ ಅದು ಏಪ್ರಿಲ್‌ನಿಂದ ಜುಲೈವರೆಗಿನ ಆಯ್ದ ದಿನಗಳಿಗೆ ಮಾತ್ರ, ಅಕ್ಟೋಬರ್‌ಗೆ ಇರಲಿಲ್ಲ. ಪೀಸಾ ಬಿಟ್ಟಿದ್ದಕ್ಕೆ ಮಗನಿಗೆ ಬೇಸರವಾದರೆ ಹೇಳಿ: ಬೊಲೊನ್ಯಾದ ನಟ್ಟನಡುವೆ ಗಾರಿಸೆಂದಾ ಎಂಬ ವಾಲಿದ ಗೋಪುರವಿದೆ. 2023ರ ಅಕ್ಟೋಬರ್‌ನಲ್ಲಿ ಸುತ್ತ ಬೇಲಿ ಹಾಕಿ ಅದನ್ನು ಗಟ್ಟಿ ಮಾಡುವ ಕೆಲಸ ಹಿಡಿದಿದ್ದಾರೆ, ದೂರದಿಂದ ಚೆನ್ನಾಗಿ ಕಾಣುತ್ತದೆ.

ವಿಮಾನದ ಟಿಕೆಟ್ ದುಬೈ ಮೇಲೆ ಬೊಲೊನ್ಯಾಗೆ ಹೋಗಿ ರೋಮ್‌ನಿಂದ ಮರಳುವಂತೆ ಮಾಡಿಸಿ. ಹೋದ ದಾರಿಯಲ್ಲೇ ವಾಪಸು ಬರುವ ಒಂದು ದಿನ ಉಳಿಯುತ್ತದೆ.

ಈಗ ಮನೆ ಆರಿಸುವ ವಿಷಯ. ಕೊಡಗು, ಚಿಕ್ಕಮಗಳೂರಿನ ಹೋಮ್‌ಸ್ಟೇ ನೀವು ನೋಡಿರಬಹುದು. ಅಲ್ಲಿ ಊಟ, ತೋಟದ ಸುತ್ತಾಟ, ರಾತ್ರಿ ಬೆಂಕಿ ಕಾಯಿಸುವುದು ಎಲ್ಲ ಸೇರಿರುತ್ತದೆ. ಇಟಲಿಯ ಬಿ ಅಂಡ್ ಬಿಯಲ್ಲಿ ಮಲಗಲು ಕೋಣೆ, ಬೆಳಿಗ್ಗೆ ತಿಂಡಿ, ಅಷ್ಟೇ. ನಿಯಮ ಮಾಡುವುದು ಆಯಾ ಪ್ರಾಂತ್ಯದ ಸರ್ಕಾರ. ಸಾಮಾನ್ಯವಾಗಿ ಮೂರು ನಾಲ್ಕು ಕೋಣೆ, ಅದೇ ಮನೆಯಲ್ಲಿ ಮನೆಯವರೂ ಇರುತ್ತಾರೆ. ಇದೇ ಪಟ್ಟಿಯಲ್ಲಿ ‘ಅಫ್ಫಿತ್ತಾಕಾಮೆರೆ’ ಎಂಬ ಹೆಸರೂ ಕಾಣುತ್ತದೆ. ಅದು ಬರೀ ಬಾಡಿಗೆ ಕೋಣೆ, ಅಲ್ಲಿ ಮನೆಯವರು ಇರಲೇಬೇಕೆಂದಿಲ್ಲ. ಬಾಗಿಲಿಗೆ ಸಂಖ್ಯೆ ಒತ್ತಿ ಒಳಹೋಗುವ ವ್ಯವಸ್ಥೆ ಇರುವುದು ಹೆಚ್ಚಾಗಿ ಇಂಥ ಕಡೆ. ಮೊದಲ ಸಲ ಹೋಗುವ ನಿಮಗೆ ಅದು ಬೇಡ. ‘ಅಗ್ರಿತುರಿಸ್ಮೊ’ ಅಂದರೆ ಹೊಲದ ಮನೆ. ಊಟ ಚೆನ್ನಾಗಿರುತ್ತದೆ, ಆದರೆ ಕಾರಿಲ್ಲದೆ ಅಲ್ಲಿಗೆ ಹೋಗುವುದು ಕಷ್ಟ. ವಿವರಣೆಯಲ್ಲಿ ಮನೆಯವರು ಅಲ್ಲೇ ವಾಸ ಎಂದಿರುವ, ಹಿಂದೆ ಉಳಿದವರ ಅಭಿಪ್ರಾಯಗಳಲ್ಲಿ ಮನೆಯಾಕೆಯ ಹೆಸರು ಮತ್ತೆ ಮತ್ತೆ ಬರುವ ಮನೆಯನ್ನು ಹುಡುಕಿ. ಹಾಸಿಗೆ ಹೊದಿಕೆಯ ಫೋಟೋಗಳಿಗಿಂತ ಆ ಹೆಸರನ್ನು ನಾನು ಹೆಚ್ಚು ನಂಬುತ್ತೇನೆ.

ಸುರಕ್ಷತೆಗೆ ಒಂದು ಗುರುತು ಹೇಳುತ್ತೇನೆ. 2025ರ ಜನವರಿ 1ರಿಂದ ಪ್ರವಾಸಿಗರಿಗೆ ಕೊಡುವ ಪ್ರತಿಯೊಂದು ಮನೆಗೂ ರಾಷ್ಟ್ರಮಟ್ಟದ ನೋಂದಣಿ ಸಂಖ್ಯೆ ಕಡ್ಡಾಯವಾಗಿದೆ. ‘ಚಿನ್’ ಎನ್ನುತ್ತಾರೆ, ಐ ಮತ್ತು ಟಿ ಅಕ್ಷರಗಳಿಂದ ಶುರುವಾಗುತ್ತದೆ. ಜಾಹೀರಾತಿನಲ್ಲೂ ಇರಬೇಕು, ಕಟ್ಟಡದ ಹೊರಗೂ ಕಾಣಬೇಕು. ಅದಿಲ್ಲದ ಮನೆ ಎಷ್ಟೇ ಚೆಂದವಿದ್ದರೂ, ಎಷ್ಟೇ ಅಗ್ಗವಿದ್ದರೂ ಮುಂದಿನದನ್ನು ನೋಡಿ. ಮನೆಗೆ ಹೋದ ಕೂಡಲೇ ಪಾಸ್‌ಪೋರ್ಟ್ ಕೇಳುತ್ತಾರೆ, ಗಾಬರಿಯಾಗಬೇಡಿ. ಬಂದವರ ವಿವರವನ್ನು 24 ಗಂಟೆಯೊಳಗೆ ಪೊಲೀಸರಿಗೆ ಕಳಿಸುವುದು ಅವರ ಕರ್ತವ್ಯ. ವಿವರ ಬರೆದುಕೊಂಡು ಅಲ್ಲೇ ಹಿಂದಿರುಗಿಸುತ್ತಾರೆ. ನನ್ನ ಅನುಭವದಲ್ಲಿ ಗಂಡ ಹೆಂಡತಿ ಇಬ್ಬರೇ ಹೋಗುವವರಿಗೆ ಇಂಥ ಮನೆಗಳಲ್ಲಿ ಭಯಪಡುವಂಥದ್ದು ಏನೂ ಇಲ್ಲ. ಜಾಗ್ರತೆ ಬೇಕಾಗಿರುವುದು ರೋಮ್‌ನ ಬಸ್ಸಿನಲ್ಲಿ, ಮೆಟ್ರೋದಲ್ಲಿ, ಜೇಬಿನ ಬಗ್ಗೆ.

ಇನ್ನು ಮೆಟ್ಟಿಲು. ನನ್ನ ಹತ್ತಿರ ಬಂದ ದೂರುಗಳಲ್ಲಿ ಅರ್ಧಕ್ಕರ್ಧ ಇದೇ. ಹಳೇ ಊರಿನ ಕಟ್ಟಡಗಳು ನಾಲ್ಕು ಐದು ಶತಮಾನದಷ್ಟು ಹಳೆಯವು. ಒಂದೊಂದು ಮಹಡಿಯೂ ನಮ್ಮ ಒಂದೂವರೆ ಮಹಡಿಯಷ್ಟು ಎತ್ತರ, ಕಲ್ಲಿನ ಮೆಟ್ಟಿಲು ನಡುವೆ ಸವೆದು ಬಟ್ಟಲಿನಂತಾಗಿರುತ್ತದೆ. ‘ಮೊದಲ ಮಹಡಿ’ ಅಂತ ಓದಿ ಸಮಾಧಾನಪಟ್ಟುಕೊಂಡು ಹೋದವರು 40 ಮೆಟ್ಟಿಲು ಹತ್ತಿದ್ದಾರೆ. ‘ಲಿಫ್ಟ್ ಇದೆ’ ಎಂದರೂ ಪೂರ್ತಿ ಮಾತಲ್ಲ. ಎಷ್ಟೋ ಕಟ್ಟಡಗಳಲ್ಲಿ ಲಿಫ್ಟನ್ನು ಆಮೇಲೆ ಯಾವಾಗಲೋ ಮೆಟ್ಟಿಲ ನಡುವಿನ ಸಂದಿಗೆ ತೂರಿಸಿದ್ದಾರೆ. ಅದು ಬೀದಿಯ ಮಟ್ಟದಿಂದ ಹೊರಡುವುದಿಲ್ಲ. ಹತ್ತು ಹನ್ನೆರಡು ಮೆಟ್ಟಿಲು ಹತ್ತಿದ ಮೇಲೆ ಸಿಗುತ್ತದೆ. ಒಳಗೆ ಇಬ್ಬರು ನಿಂತರೆ ಪೆಟ್ಟಿಗೆಗೆ ಜಾಗವಿಲ್ಲ. ಹಾಗಾಗಿ ‘ಲಿಫ್ಟ್ ಇದೆಯೇ’ ಎಂದು ಕೇಳಬೇಡಿ. ‘ಬೀದಿಯಿಂದ ನಮ್ಮ ಕೋಣೆಯ ಬಾಗಿಲವರೆಗೆ ಒಟ್ಟು ಎಷ್ಟು ಮೆಟ್ಟಿಲು ಹತ್ತಬೇಕು’ ಎಂದು ಕೇಳಿ. ಎಣಿಸಿ ಹೇಳುವ ಮನೆಯವರು ಸಿಕ್ಕರೆ ಅರ್ಧ ಕೆಲಸ ಆದಂತೆ. ಜೊತೆಗೆ ಸ್ನಾನದ ಕೋಣೆಯ ಫೋಟೋ ತರಿಸಿಕೊಳ್ಳಿ. ಸ್ನಾನದ ತೊಟ್ಟಿಯೊಳಗೆ ಕಾಲೆತ್ತಿ ಇಳಿದು ಷವರ್ ಹಿಡಿಯಬೇಕಾದ ಮನೆಗಳಿವೆ, ನಿಮ್ಮ ಯಜಮಾನರಿಗೆ ಅದು ಆಗದು. ‘ದೊಚ್ಚಾ’ ಅಂದರೆ ಷವರ್, ‘ವಾಸ್ಕಾ’ ಅಂದರೆ ತೊಟ್ಟಿ. ಬಾತ್‌ರೂಮ್ ಕೋಣೆಗೆ ಸೇರಿದ್ದೋ, ಹೊರಗೆ ನಡೆದು ಹೋಗಬೇಕೋ ಎಂದೂ ಕೇಳಿ. ಅಗ್ಗದ ಮನೆಗಳಲ್ಲಿ ನಿಮ್ಮದೇ ಬಾತ್‌ರೂಮ್ ಪಡಸಾಲೆಯ ಆಚೆ ಇರುವುದುಂಟು.

ಬಾತ್‌ರೂಮಿನ ಮಾತು ಬಂತು, ಒಂದು ಸಂತೋಷದ ಸಂಗತಿ. ಯುರೋಪಿಗೆ ಹೋಗುವ ನಮ್ಮವರು ಕೇಳಲು ಸಂಕೋಚಪಡುವ ಪ್ರಶ್ನೆ ನೀರಿನದು. ಇಟಲಿಯಲ್ಲಿ ಆ ಚಿಂತೆ ಇಲ್ಲ. ಪ್ರತಿ ಮನೆಯ ಕನಿಷ್ಠ ಒಂದು ಬಾತ್‌ರೂಮಿನಲ್ಲಿ ‘ಬಿದೆ’ ಇರಲೇಬೇಕೆಂದು 1975ರಲ್ಲಿ ಸರ್ಕಾರವೇ ಆದೇಶ ಮಾಡಿದೆ. ಕಮೋಡಿನ ಪಕ್ಕದಲ್ಲಿ ಅದೇ ಎತ್ತರದ, ನಲ್ಲಿ ಇರುವ ತೊಟ್ಟಿ. ಬಿಸಿನೀರು ತಣ್ಣೀರು ಎರಡೂ ಬರುತ್ತದೆ, ಪಕ್ಕದಲ್ಲಿ ಅದಕ್ಕೆಂದೇ ಸಣ್ಣ ಟವೆಲ್ ಇಟ್ಟಿರುತ್ತಾರೆ. ಷವರ್ ಪಕ್ಕದಲ್ಲಿ ಮೇಲಿನಿಂದ ಒಂದು ದಾರ ಇಳಿಬಿದ್ದಿದ್ದರೆ ಮಾತ್ರ ಎಳೆಯಬೇಡಿ. ಅದು ಬಿದ್ದವರು ಸಹಾಯ ಕೇಳಲು ಎಳೆಯುವ ಗಂಟೆ.

ಅಕ್ಟೋಬರ್ ಪ್ರವಾಸಿಗರಿಗೆ ಯಾರೂ ಹೇಳದ ವಿಷಯ ಚಳಿ. ಇಟಲಿಯಲ್ಲಿ ಮನೆ ಬಿಸಿ ಮಾಡುವ ಹೀಟರನ್ನು ಬೇಕೆಂದಾಗ ಹಾಕುವಂತಿಲ್ಲ. 1993ರ ಕಾನೂನಿನಡಿ ದೇಶವನ್ನು ಹವಾಮಾನಕ್ಕೆ ತಕ್ಕಂತೆ ಆರು ವಲಯ ಮಾಡಿದ್ದಾರೆ. ಬೊಲೊನ್ಯಾ ಇರುವ ವಲಯದಲ್ಲಿ ಅಕ್ಟೋಬರ್ 15ರಿಂದ ಏಪ್ರಿಲ್ 15ರವರೆಗೆ, ದಿನಕ್ಕೆ ಹೆಚ್ಚೆಂದರೆ 14 ಗಂಟೆ. ರೋಮ್‌ನಲ್ಲಿ ನವೆಂಬರ್ 1ರಿಂದ, ದಿನಕ್ಕೆ 12 ಗಂಟೆ. ಎರಡನೇ ವಾರ ಹೋಗುವ ನಿಮಗೆ ಬೊಲೊನ್ಯಾದಲ್ಲಿ 15ಕ್ಕೆ ಮುಂಚಿನ ರಾತ್ರಿಗಳಲ್ಲಿ ಹೀಟರ್ ಇರುವುದು ಅನುಮಾನ, ರೋಮ್‌ನಲ್ಲಿ ಇರುವುದೇ ಇಲ್ಲ. ಹೊರಗೆ 10 ಡಿಗ್ರಿ ಆಸುಪಾಸು, ಒಳಗೆ ಕಲ್ಲಿನ ಗೋಡೆ, ಕಾಲಿಡಲು ತಣ್ಣನೆಯ ನೆಲ. ಮನೆಯವರು ಜಿಪುಣರೆಂದು ಸಿಟ್ಟಾಗಬೇಡಿ, ಅವರೂ ಸ್ವೆಟರ್ ಹಾಕಿಕೊಂಡೇ ಕೂತಿರುತ್ತಾರೆ. ‘ಉನಾ ಕೊಪೆರ್ತಾ ಇನ್ ಪ್ಯೂ’ ಅಂದರೆ ‘ಇನ್ನೊಂದು ಕಂಬಳಿ’. ಕೇಳಿದರೆ ಕಪಾಟಿನಿಂದ ತಕ್ಷಣ ತೆಗೆದುಕೊಡುತ್ತಾರೆ. ಕಾಲುಚೀಲ, ಮನೆಯೊಳಗೆ ಹಾಕುವ ಚಪ್ಪಲಿ, ಯಜಮಾನರಿಗೆ ಮೊಣಕಾಲು ಪಟ್ಟಿ ನಿಮ್ಮ ಚೀಲದಲ್ಲಿರಲಿ.

ವಿದ್ಯುತ್ತಿಗೂ ಇಂಥದೇ ಮಿತಿ. ಅಲ್ಲಿನ ಸಾಮಾನ್ಯ ಮನೆಗೆ ಇರುವುದು 3 ಕಿಲೋವ್ಯಾಟ್ ಸಂಪರ್ಕ. ಮನೆಯಾಕೆ ಅಡುಗೆಮನೆಯಲ್ಲಿ ಓವನ್ ಹಚ್ಚಿರುವಾಗ ನೀವು ಕೋಣೆಯಲ್ಲಿ ಕೆಟಲ್ ಹಾಕಿದಿರಿ, ಪಕ್ಕದ ಕೋಣೆಯವರು ಕೂದಲು ಒಣಗಿಸಿಕೊಂಡರು ಅಂದರೆ ಮನೆಯೇ ಕತ್ತಲು. ಕರೆಂಟಿನ ರೈಸ್ ಕುಕ್ಕರ್ ಒಯ್ಯಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ನಮ್ಮ ಮೂರು ದಪ್ಪ ಕಡ್ಡಿಯ ಪ್ಲಗ್ ಅಲ್ಲಿ ಹಿಡಿಯುವುದೂ ಇಲ್ಲ, ಅಡಾಪ್ಟರ್ ಇಲ್ಲಿಂದಲೇ ಕೊಳ್ಳಿ.

ಊಟಕ್ಕೆ ಬರೋಣ. ಬಿ ಅಂಡ್ ಬಿ ತಿಂಡಿಯ ಬಗ್ಗೆ ದೊಡ್ಡ ನಿರೀಕ್ಷೆ ಬೇಡ. ಇಟಲಿಯವರ ಬೆಳಗಿನ ತಿಂಡಿಯೇ ಸಿಹಿ: ಕಾಫಿ, ಕಾರ್ನೆತ್ತೊ ಎಂಬ ಮಡಿಕೆ ಬ್ರೆಡ್ಡು, ರಸ್ಕಿನಂಥ ಬಿಲ್ಲೆಗೆ ಬೆಣ್ಣೆ ಜಾಮು, ಒಂದು ಕೇಕು. ಕೆಲವು ಪ್ರಾಂತ್ಯಗಳಲ್ಲಿ ಇಂಥ ಮನೆಗಳು ಪ್ಯಾಕೆಟ್ಟಿನಲ್ಲಿ ಬಂದದ್ದನ್ನು ಮಾತ್ರ ಕೊಡಬಹುದು ಎಂಬ ನಿಯಮವಿದೆ, ಹಾಗಾಗಿ ಮೇಜಿನ ಮೇಲೆ ಪ್ಲಾಸ್ಟಿಕ್ ಪೊಟ್ಟಣ ಕಂಡರೆ ಅದು ಅಸಡ್ಡೆಯಲ್ಲ. ಕಾರ್ನೆತ್ತೊ, ಕೇಕು ಎರಡರಲ್ಲೂ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ನಿಮಗೆ ಆಗದು. ಬ್ರೆಡ್ಡು, ಬೆಣ್ಣೆ, ಜಾಮು, ಹಣ್ಣು, ಮೊಸರು ಇಡಬಹುದೇ ಎಂದು ಮೊದಲೇ ಬರೆದು ಕೇಳಿ. ಕಾಫಿಗೆ ಹಾಲು ಬೇಕಾದರೆ ‘ಕಫೆಲಾತ್ತೆ’ ಎನ್ನಿ. ಬರೀ ‘ಲಾತ್ತೆ’ ಎಂದರೆ ಒಂದು ಲೋಟ ಹಾಲು ಬರುತ್ತದೆ.

ಹೊರಗಿನ ಊಟದಲ್ಲಿ ಮೊಟ್ಟೆಯಿಂದ ತಪ್ಪಿಸಿಕೊಳ್ಳಲು ಒಂದು ಸುಲಭ ದಾರಿಯಿದೆ. ಇಟಲಿಯಲ್ಲಿ ತಯಾರಾಗುವ ಸಾದಾ ಒಣ ಪಾಸ್ತಾವನ್ನು ಗಟ್ಟಿ ಗೋಧಿಯ ರವೆ ಮತ್ತು ನೀರಿನಿಂದಲೇ ಮಾಡಬೇಕೆಂದು 1967ರ ಕಾನೂನು ಹೇಳಿತು. ಸ್ಪಗೆತ್ತಿ, ಪೆನ್ನೆ ಇವೆಲ್ಲ ಆ ಜಾತಿ. ಮೊಟ್ಟೆ ಇರುವುದು ಕೈಯಲ್ಲಿ ಲಟ್ಟಿಸಿದ ತಾಜಾ ಪಾಸ್ತಾದಲ್ಲಿ, ಬೊಲೊನ್ಯಾ ಅದಕ್ಕೇ ಹೆಸರುವಾಸಿ. ಅಲ್ಲಿನ ತಾಲ್ಯತೆಲ್ಲೆ, ತೊರ್ತೆಲ್ಲೀನಿ ನಿಮಗಲ್ಲ. ಬೊಲೊನ್ಯಾಕ್ಕೆ ‘ಗ್ರಾಸ್ಸಾ’, ಅಂದರೆ ಕೊಬ್ಬಿದ ಊರು, ಎಂಬ ಅಡ್ಡಹೆಸರೇ ಇದೆ. ಅಲ್ಲಿನ ಕೆಲವು ರೊಟ್ಟಿ, ಕರಿದ ತಿಂಡಿಗೂ ಹಂದಿ ಕೊಬ್ಬು ಸೇರುತ್ತದೆ. ‘ಸ್ತ್ರುತ್ತೊ’ ಅಂದರೆ ಅದು. ರೊಟ್ಟಿಯಂಥದ್ದು ಏನೇ ತಿನ್ನುವ ಮೊದಲು ಆ ಪದ ಹೇಳಿ ಕೇಳಿ. ತರಕಾರಿ ಸೂಪಿಗೆ ಮಾಂಸದ ಸಾರು ಬೆರೆಸಿರಬಹುದು, ‘ಬ್ರೋದೊ ದಿ ಕಾರ್ನೆ’ ಇದೆಯೇ ಎಂದು ವಿಚಾರಿಸಿ.

ಚೀಸಿನ ವಿಷಯ ನಿಮಗೆ ತಿಳಿದಿರಬೇಕು, ತೀರ್ಮಾನ ನಿಮ್ಮದು. ಪರ್ಮಿಜಾನೊ ಚೀಸಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ಅಂಶವನ್ನೇ ಹಾಕಬೇಕೆಂಬುದು ಅದರ ನಿಯಮ. ರೋಮ್‌ನ ಪೆಕೊರೀನೊಗೆ ಕುರಿಮರಿಯದು. ಇದು ಬೇಡವೆಂದರೆ ‘ಸೆಂತ್ಸಾ ಫೊರ್ಮಾಜ್ಜೊ’, ಚೀಸ್ ಇಲ್ಲದೆ, ಎಂದು ಹೇಳಿ. ಆಗಲೂ ಹಸಿವಿನಿಂದ ಇರಬೇಕಾಗಿಲ್ಲ. ಬೆಳ್ಳುಳ್ಳಿ, ಎಣ್ಣೆ, ಒಣಮೆಣಸಿನಕಾಯಿಯ ‘ಆಲ್ಯೊ ಓಲ್ಯೊ’ ಸ್ಪಗೆತ್ತಿ ನಮ್ಮ ಒಗ್ಗರಣೆಯ ನೆಂಟ. ಖಾರದ ಟೊಮೆಟೊ ಗೊಜ್ಜಿನ ‘ಅರ್ರಬ್ಯಾತಾ’ ರೋಮ್‌ನದೇ. ‘ಮರಿನಾರಾ’ ಪಿಜ್ಜಾದಲ್ಲಿ ಚೀಸೇ ಇಲ್ಲ: ಟೊಮೆಟೊ, ಬೆಳ್ಳುಳ್ಳಿ, ಒರಿಗಾನೊ, ಎಣ್ಣೆ. ಸುಟ್ಟ ಬದನೆ, ಕುಂಬಳ ಜಾತಿಯ ತರಕಾರಿ, ಬೇಯಿಸಿದ ಸೊಪ್ಪು ‘ಕೊಂತೊರ್ನಿ’ ಎಂಬ ಪಟ್ಟಿಯಡಿ ಸಿಗುತ್ತವೆ. ಅಕ್ಟೋಬರ್‌ನಲ್ಲಿ ದ್ರಾಕ್ಷಿ, ಅಂಜೂರ, ಸುಟ್ಟ ಚೆಸ್ಟ್‌ನಟ್ ಬೀದಿ ಬೀದಿಯಲ್ಲಿ. ಒಂದು ಚೀಟಿಯಲ್ಲಿ ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ, ಸೆಂತ್ಸಾ ವೊವಾ’ ಎಂದು ಮನೆಯಾಕೆಯ ಕೈಯಲ್ಲೇ ಇಟಾಲಿಯನ್‌ನಲ್ಲಿ ಬರೆಸಿಕೊಳ್ಳಿ: ಮಾಂಸ, ಮೀನು, ಮೊಟ್ಟೆ ಇಲ್ಲದೆ. ಮೀನನ್ನು ಬೇರೆಯಾಗಿ ಹೇಳಲೇಬೇಕು. ತರಕಾರಿ ಪಾಸ್ತಾಕ್ಕೆ ರುಚಿಗೆಂದು ‘ಅಚ್ಚೂಗೆ’ ಎಂಬ ಸಣ್ಣ ಮೀನು ಕರಗಿಸಿ ಹಾಕುವುದು ಅಲ್ಲಿ ಮಾಮೂಲು.

ರಾತ್ರಿ ಊಟಕ್ಕೆ ಹೋಟೆಲುಗಳು ತೆರೆಯುವುದೇ ಏಳೂವರೆಗೆ. ನಡೆದು ದಣಿದು ಆರು ಗಂಟೆಗೇ ಹಸಿವಾದರೆ ಧಾರವಾಡದವರಿಗೆ ಉತ್ತರ ನಿಮ್ಮ ಅಡುಗೆಮನೆಯಲ್ಲೇ ಇದೆ. ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ತೆಳು ಅವಲಕ್ಕಿ ಒಯ್ಯಿರಿ. ಸೂಪರ್ ಮಾರ್ಕೆಟ್ಟಿನಲ್ಲಿ ‘ಯೋಗುರ್ತ್ ಬಿಯಾಂಕೊ ನಾತುರಾಲೆ’ ಎಂದರೆ ಸಿಹಿ ಹಾಕದ ಬಿಳಿ ಮೊಸರು. ಅವಲಕ್ಕಿಗೆ ಅದನ್ನು ಕಲಸಿ, ಮೇಲೆ ಚಟ್ನಿಪುಡಿ ಉದುರಿಸಿದರೆ ಒಲೆ ಹಚ್ಚದೆ ಊಟವಾಯಿತು. ಬಿ ಅಂಡ್ ಬಿಗಳಲ್ಲಿ ಸಾಮಾನ್ಯವಾಗಿ ಅತಿಥಿಗಳಿಗೆ ಒಲೆ ಕೊಡುವುದಿಲ್ಲ, ಕೋಣೆಯೊಳಗೆ ಒಗ್ಗರಣೆಯ ಯೋಚನೆ ಖಂಡಿತ ಬೇಡ. ರೋಮ್‌ನ ತೆರ್ಮಿನಿ ರೈಲು ನಿಲ್ದಾಣದ ಬಳಿ ಎಸ್ಕ್ವಿಲೀನೊ ಮಾರುಕಟ್ಟೆ ಇದೆ, ಅಲ್ಲಿ ನಮ್ಮ ಕಡೆಯ ಬೇಳೆ, ಮಸಾಲೆ, ಬೆಂಡೆಕಾಯಿ ನೋಡಿ ನಿಮಗೆ ಊರ ಸಂತೆ ನೆನಪಾದೀತು. ನೀರು ಕೊಳ್ಳಬೇಡಿ, ನಲ್ಲಿಯದು ಕುಡಿಯಬಹುದು, ರೋಮ್‌ನ ಬೀದಿಗಳಲ್ಲಿ ‘ನಾಸೋನಿ’ ಎಂಬ ಕಬ್ಬಿಣದ ನಲ್ಲಿಗಳು ಸುಮಾರು 2,500 ಇವೆ, ಬಾಟಲಿ ಹಿಡಿದರೆ ತಣ್ಣನೆಯ ಸಿಹಿನೀರು.

ಮನೆ ತಲುಪುವ ಗಳಿಗೆಗೆ ಮೊದಲೇ ತಯಾರಾಗಿರಿ. ಬೊಲೊನ್ಯಾಗೆ ಹೋದ ಹೊಸದರಲ್ಲಿ, ಒಂದು ಚಳಿಗಾಲದ ರಾತ್ರಿ ಹತ್ತೂವರೆಗೆ ನಾನೊಂದು ಸಣ್ಣ ಊರಿನ ಬಾಗಿಲ ಮುಂದೆ ನಿಂತಿದ್ದೆ. ವಿಳಾಸ ಸರಿಯಿತ್ತು. ಗೋಡೆಯಲ್ಲಿ ಹಿತ್ತಾಳೆಯ ಫಲಕ, ಅದರಲ್ಲಿ ಕರೆಗಂಟೆಯ ಹದಿನಾಲ್ಕು ಗುಂಡಿ, ಪ್ರತಿಯೊಂದರ ಪಕ್ಕ ಒಂದು ಮನೆತನದ ಹೆಸರು. ನಾನು ಕಾದಿರಿಸಿದ ಬಿ ಅಂಡ್ ಬಿಯ ಚೆಂದದ ಹೆಸರು ಎಲ್ಲೂ ಇರಲಿಲ್ಲ, ಮನೆಯವರ ಮನೆತನದ ಹೆಸರು ನನಗೆ ಗೊತ್ತಿರಲಿಲ್ಲ, ಫೋನಿನ ಚಾರ್ಜು ಮುಗಿದಿತ್ತು. ನಾಯಿ ಸುತ್ತಾಡಿಸಿಕೊಂಡು ಬಂದ ಮುದುಕರೊಬ್ಬರು ಬಾಗಿಲು ತೆರೆಯುವವರೆಗೆ ಮುಕ್ಕಾಲು ಗಂಟೆ ಚಳಿಯಲ್ಲಿ ನಿಂತೆ. ಅಂದಿನಿಂದ ನಾನು ಯಾರಿಗೇ ಮನೆ ನೋಡಿದರೂ ಮೊದಲು ಕೇಳುವುದು ‘ಗುಂಡಿಯ ಮೇಲೆ ಯಾವ ಹೆಸರಿದೆ’. ನೀವೂ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಇಷ್ಟು ಗಂಟೆಗೆ ಬರುತ್ತೇವೆ ಎಂದು ತಿಳಿಸಿ, ರೈಲು ತಡವಾದರೆ ಮತ್ತೆ ತಿಳಿಸಿ. ಅವರು ನಿಮಗಾಗಿಯೇ ಮನೆಯಲ್ಲಿ ಕಾಯುತ್ತಿರುತ್ತಾರೆ.

ಕೈಗೆ ಮೂರು ನಾಲ್ಕು ಕೀಲಿಯ ಗೊಂಚಲು ಕೊಡುತ್ತಾರೆ: ಬೀದಿ ಬಾಗಿಲಿಗೆ ಒಂದು, ಮನೆ ಬಾಗಿಲಿಗೆ ಒಂದು, ಕೋಣೆಗೆ ಒಂದು. ಮನೆ ಬಾಗಿಲಿನ ಬೀಗ ನಮ್ಮದರಂತಲ್ಲ. ಕೀಲಿಯನ್ನು ಮೂರು ನಾಲ್ಕು ಸುತ್ತು ತಿರುಗಿಸಬೇಕು, ಒಂದೊಂದು ಸುತ್ತಿಗೂ ಚಿಲಕ ಒಂದಿಷ್ಟು ಒಳಸರಿಯುವ ಸದ್ದು ಕೇಳುತ್ತದೆ. ಸುತ್ತು ಮುಗಿದ ಮೇಲೆ ಬಾಗಿಲನ್ನು ನಿಮ್ಮ ಕಡೆ ಎಳೆದು ಹಿಡಿದು ಕೀಲಿಯನ್ನು ಇನ್ನೊಂದಿಷ್ಟು ಒತ್ತಿ ತಿರುಗಿಸಿ, ಆಗ ತೆರೆಯುತ್ತದೆ. ಮನೆಯಾಕೆ ಇರುವಾಗಲೇ ಎರಡು ಸಲ ತೆರೆದು ಮುಚ್ಚಿ ರೂಢಿ ಮಾಡಿಕೊಳ್ಳಿ. ಹೊರಗೆ ಬಂದು ಬಾಗಿಲೆಳೆದರೆ ತಾನೇ ಬೀಗ ಬೀಳುತ್ತದೆ, ಆದ್ದರಿಂದ ಕಸ ಹಾಕಲು ಹೋಗುವಾಗಲೂ ಕೀಲಿ ಕೈಯಲ್ಲಿರಲಿ.

ದುಡ್ಡಿನ ವಿಷಯ. ಈಚೆಗೆ ನಾನು ನೋಡಿಕೊಟ್ಟ ಸಾಧಾರಣ ಮನೆಗಳಲ್ಲಿ ಬೊಲೊನ್ಯಾದಲ್ಲಿ ಇಬ್ಬರಿಗೆ ರಾತ್ರಿಗೆ 85ರಿಂದ 120 ಯೂರೋ, ರೋಮ್‌ನಲ್ಲಿ 100ರಿಂದ 150. ಬೊಲೊನ್ಯಾದಲ್ಲಿ ವಸ್ತುಪ್ರದರ್ಶನದ ದಿನಗಳಲ್ಲಿ ದರ ಇಮ್ಮಡಿಯಾಗುತ್ತದೆ. ಸೆಪ್ಟೆಂಬರ್ ಕೊನೆಯ ಸೆರಾಮಿಕ್ ಮೇಳ ಅಂಥದ್ದು. ನಿಮ್ಮ ದಿನಗಳಲ್ಲಿ ದರ ವಿಪರೀತ ಕಂಡರೆ ಆ ವಾರ ಏನು ಮೇಳವಿದೆ ಎಂದು ನೋಡಿ, ಮೂರು ದಿನ ಹಿಂದೆ ಮುಂದೆ ಮಾಡಿ. ಇದರ ಮೇಲೆ ಊರಿನ ಪ್ರವಾಸಿ ತೆರಿಗೆ ಬೇರೆ. ರೋಮ್‌ನ ಬಿ ಅಂಡ್ ಬಿಗಳಲ್ಲಿ 2023ರ ಅಕ್ಟೋಬರ್‌ನಿಂದ ತಲೆಗೆ ರಾತ್ರಿಗೆ 6 ಯೂರೋ, ನಿಮ್ಮಿಬ್ಬರ ನಾಲ್ಕು ರಾತ್ರಿಗೆ 48. ಇದನ್ನು ಬಹಳ ಕಡೆ ನಗದಾಗಿ ಕೇಳುತ್ತಾರೆ, ಚಿಲ್ಲರೆ ಇಟ್ಟುಕೊಳ್ಳಿ. ರಸೀದಿಯಲ್ಲಿ 2 ಯೂರೋದ ಅಂಚೆಚೀಟಿಯಂಥದ್ದು ಅಂಟಿಸಿ ಆ ದುಡ್ಡು ಕೇಳಿದರೆ ಮೋಸವೆಂದುಕೊಳ್ಳಬೇಡಿ; ಮನೆಯವರು ವ್ಯಾಪಾರಿಯಾಗಿ ನೋಂದಾಯಿಸದಿದ್ದರೆ 77.47 ಯೂರೋ ಮೀರಿದ ರಸೀದಿಗೆ ಸರ್ಕಾರದ ಆ ಮುದ್ರೆ ಬೇಕೇ ಬೇಕು.

ಬುಕಿಂಗ್ ಆ್ಯಪ್‌ನಲ್ಲಿ ಮನೆ ನೋಡಿ, ಆಮೇಲೆ ಆ ಮನೆಗೆ ತನ್ನದೇ ವೆಬ್‌ಸೈಟ್ ಇದೆಯೇ ಹುಡುಕಿ. ಆ್ಯಪ್‌ನ ದರಕ್ಕಿಂತ ಕಡಿಮೆಗೆ ಕೊಡಬಾರದೆಂಬ ಕರಾರು ಇಟಲಿಯಲ್ಲಿ 2017ರ ಕಾನೂನಿನಿಂದ ಊರ್ಜಿತವಲ್ಲ. ಆರು ರಾತ್ರಿ ಇರುತ್ತೇವೆ ಎಂದು ನೇರ ಬರೆದರೆ ಹೆಚ್ಚಿನವರು ಒಂದಿಷ್ಟು ಇಳಿಸುತ್ತಾರೆ. ಆದರೆ ವೀಸಾ ಕೈಗೆ ಬರುವವರೆಗೆ ಉಚಿತವಾಗಿ ರದ್ದು ಮಾಡಬಹುದಾದ ಕೋಣೆಯನ್ನೇ ಹಿಡಿಯಿರಿ. ಬುಕಿಂಗ್ ಆದ ಮೇಲೆ ‘ಕಾರ್ಡ್ ಮತ್ತೆ ದೃಢೀಕರಿಸಿ, ಇಲ್ಲದಿದ್ದರೆ ರದ್ದಾಗುತ್ತದೆ’ ಎಂಬ ಸಂದೇಶ ಬಂದರೆ, ಅದು ಮನೆಯವರ ಹೆಸರಿನಲ್ಲೇ ಬಂದಿದ್ದರೂ, ಲಿಂಕ್ ಒತ್ತಬೇಡಿ. ಮನೆಗೆ ಫೋನ್ ಮಾಡಿ ಕೇಳಿ.

ವೀಸಾಕ್ಕೆ ಹತ್ತೂ ರಾತ್ರಿಯ ವಾಸದ ಪುರಾವೆ ಬೇಕು. ನಿಮ್ಮಿಬ್ಬರ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ, ದಿನಾಂಕ, ಪೂರ್ತಿ ವಿಳಾಸ ಇರುವ ಪತ್ರವನ್ನು ಎರಡೂ ಮನೆಗಳಿಂದ ತರಿಸಿಕೊಳ್ಳಿ. ಇಟಲಿ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಶೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ ತಲಾ 90 ಯೂರೋ, ಕನಿಷ್ಠ 30,000 ಯೂರೋದ ಪ್ರವಾಸ ವಿಮೆ ಕಡ್ಡಾಯ. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಅಕ್ಟೋಬರ್‌ಗೆ ಜುಲೈನಲ್ಲೇ ಹಾಕಿಬಿಡಿ.

ರೈಲಿನಲ್ಲಿ ವೇಗದ ಗಾಡಿಗಳ ದರ ಮೊದಲೇ ಕೊಂಡರೆ ಕಡಿಮೆ, ‘ರೆಜೊನಾಲೆ’ ಎಂಬ ಸಾದಾ ಗಾಡಿಗಳದು ಯಾವಾಗಲೂ ಒಂದೇ. ಸಾದಾ ಗಾಡಿಯ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಲೇಬೇಕು. ‘ಶೋಪೆರೊ’ ಅಂದರೆ ಮುಷ್ಕರ. ಅದು ಬಂದರೂ ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಅಗತ್ಯದ ಸಾದಾ ಗಾಡಿಗಳು ಓಡುತ್ತವೆ.

ಭಾಷೆಯ ಚಿಂತೆ ಬಿಡಿ. ಚಿಕ್ಕ ಚಿಕ್ಕ ವಾಕ್ಯದಲ್ಲಿ ಬರೆದರೆ ಫೋನೇ ಇಟಾಲಿಯನ್‌ಗೆ ತಿರುಗಿಸುತ್ತದೆ. ಈ ವಾರವೇ ಮೂರು ನಾಲ್ಕು ಮನೆಗಳಿಗೆ ಹೀಗೆ ಬರೆಯಿರಿ: ‘ನಾವು ಗಂಡ ಹೆಂಡತಿ, 66 ಮತ್ತು 61 ವರ್ಷ. ನಿವೃತ್ತ ಶಿಕ್ಷಕಿ. ಆರು ರಾತ್ರಿ ಇರುತ್ತೇವೆ. ಮೊಣಕಾಲು ನೋವಿದೆ. ಬೀದಿಯಿಂದ ಕೋಣೆಗೆ ಎಷ್ಟು ಮೆಟ್ಟಿಲು? ಷವರ್ ನೆಲಮಟ್ಟದಲ್ಲಿದೆಯೇ? ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ಬೆಳಿಗ್ಗೆ ಬ್ರೆಡ್ಡು, ಹಣ್ಣು, ಮೊಸರು ಸಾಕು. ಕರೆಗಂಟೆಯ ಗುಂಡಿಯ ಮೇಲೆ ಯಾವ ಹೆಸರಿದೆ?’ ವಯಸ್ಸು, ಶಿಕ್ಷಕಿ ಎಂಬುದು ಇರಲಿ. ಅಲ್ಲಿಯೂ ಮೇಷ್ಟ್ರಿಗೆ ಗೌರವವಿದೆ. ಒಂದು ದಿನದೊಳಗೆ ಬಿಡಿಸಿ ಬಿಡಿಸಿ ಉತ್ತರ ಬರೆದವರ ಮನೆಗೆ ಹೋಗಿ, ದರ ಹತ್ತು ಯೂರೋ ಹೆಚ್ಚಿದ್ದರೂ.

ಕೊನೆಗೆ ಪೇಡೆ. ಒಯ್ಯಬೇಡಿ, ಹೇಳಲು ನನಗೂ ಬೇಸರ. ಹೊರದೇಶದಿಂದ ಬರುವ ಪ್ರಯಾಣಿಕರು ಹಾಲು, ಮಾಂಸದ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಪೇಡೆ, ತುಪ್ಪ ಎರಡೂ ಅದರಲ್ಲಿ ಬರುತ್ತವೆ, ಸಿಕ್ಕರೆ ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಅದರ ಬದಲು ಚಿಕ್ಕಮಗಳೂರಿನ ಕಾಫಿಪುಡಿ ಒಯ್ಯಿರಿ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುತ್ತ ಬಂದ ದೇಶ ಇಟಲಿ, ಅದರಲ್ಲಿ ಬಹುಪಾಲು ಬೆಳೆಯುವುದು ನಮ್ಮ ಕರ್ನಾಟಕದಲ್ಲಿ. ಆದರೂ ತಮ್ಮ ಲೋಟದ ಕಾಫಿ ಎಲ್ಲಿಂದ ಬಂತೆಂದು ಅಲ್ಲಿನ ಮನೆಗಳಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ನಾನು ಕೊಟ್ಟ ಪುಡಿಯನ್ನು ಬೊಲೊನ್ಯಾದ ನಮ್ಮ ಪಕ್ಕದ ಮನೆಯಾಕೆ ಮೋಕಾ ಎಂಬ ಕಾಫಿ ಪಾತ್ರೆಗೆ ಹಾಕಿ, ಒಲೆಯ ಮೇಲೆ ಅದು ಗುರುಗುಟ್ಟುವಾಗ ಮುಚ್ಚಳ ತೆಗೆದು ಮೂಸಿ ನೋಡಿ, ನಕ್ಷೆಯಲ್ಲಿ ಆ ಊರು ತೋರಿಸು ಎಂದು ಕೇಳಿದ್ದರು. ಅರ್ಧ ಕಿಲೋ ಸಾಕು, ಭದ್ರವಾಗಿ ಮುಚ್ಚಿದ ಪ್ಯಾಕೆಟ್ ಇರಲಿ, ಚಿಕೋರಿ ಬೆರೆಸದ ಪುಡಿ ಎಂದು ಅಂಗಡಿಯಲ್ಲಿ ಕೇಳಿ ಕೊಳ್ಳಿ.